ಕೂಡದ ಮೂಲೆ

ಪಟ್ಟಿಯ ತುದಿಯನ್ನು ಓರೆಯಾಗಿ ಕುಯ್ಯುವ ಹೊಸ ಮೈಟರ್ ಗರಗಸ ಬಂದ ದಿನದಿಂದ ಮಗಳಿಗೆ ಅಪ್ಪನ ಫ್ರೇಮಿನ ಅಂಗಡಿಯಲ್ಲಿ ನಿಲ್ಲಲು ಜಾಗವೇ ಇಲ್ಲದಂತಾಯಿತು. ಶಾಲೆ ಬಿಟ್ಟ ವಾರವೇ ಅಲ್ಲಿನ ಕೆಲಸದ ಮೇಜಿನ ಮುಂದೆ ನಿಂತವಳು ಅವಳು. ಒಂಬತ್ತು ವರ್ಷ ಕೈಗರಗಸದಲ್ಲೇ ಮರದ ಪಟ್ಟಿ ಕುಯ್ದು ಮೂಲೆ ಕೂಡಿಸಿದ್ದಳು. ಈಗ ಮೇಜಿನ ಮೇಲೆ ಕರೆಂಟಿನ ಮಿಷನ್ ಕೂತಿತ್ತು, ಅದರ ಮುಂದೆ ತಮ್ಮನ ಹೆಂಡತಿ ನಿಂತಿದ್ದಳು. ಸೊಸೆಯಾಗಿ ಬಂದು ಆರು ತಿಂಗಳೂ ಆಗಿರಲಿಲ್ಲ, ಆದರೆ ಮಿಷನ್ ಕೆಲಸದ ಕೋರ್ಸು ಮಾಡಿದ್ದಳು. ಓದಿದವಳ ಕೈಯಲ್ಲೇ ಇರಲಿ ಎಂದಿದ್ದ ಅಪ್ಪ. ಆ ಮಾತು ಮಗಳ ಎದೆಯೊಳಗೆ ಸಿಬಿರಿನಂತೆ ಮುರಿದು ಉಳಿದಿತ್ತು.

ಮಿಷನ್ ಮಾತ್ರ ಸೊಸೆಯ ಮಾತು ಕೇಳಲಿಲ್ಲ. ನಲವತ್ತೈದು ಡಿಗ್ರಿಗೆ ಇಟ್ಟು ಕುಯ್ದರೂ ಎರಡು ಪಟ್ಟಿ ಜೋಡಿಸಿದಲ್ಲಿ ಸಂದು. ಅವಳು ಜೊತೆಗೆ ಬಂದ ಪುಸ್ತಕ ತೆರೆದು ಸ್ಕ್ರೂ ತಿರುಗಿಸಿದಳು, ಬ್ಲೇಡು ಬಿಚ್ಚಿ ಮತ್ತೆ ಹಾಕಿದಳು, ಮೂಲೆಮಟ್ಟ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. ಗಾಜು ಒರೆಸುತ್ತಿದ್ದ ಮಗಳಿಗೆ ಒಂದೊಂದು ಸಂದಿಗೂ ಹೊಟ್ಟೆ ತಣ್ಣಗಾಗುತ್ತಿತ್ತು. ಮಿಷನ್ನೇ ಸರಿಯಿಲ್ಲ ಎಂದು ಸೊಸೆ ಗೊಣಗಿದಾಗ, ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂದುಕೊಂಡಳು. ಗಾಜಿನಲ್ಲಿ ತನ್ನದೇ ನಗು ಕಂಡಿತು. ಅದನ್ನೂ ಒರೆಸಿದಳು.

ನಾಲ್ಕನೆಯ ದಿನ ಅಪ್ಪನ ತಾಳ್ಮೆ ಮುಗಿಯಿತು. ಆಸ್ಪತ್ರೆಯೊಂದಕ್ಕೆ ಮೂವತ್ತು ಫ್ರೇಮು ಕೊಡಬೇಕಿತ್ತು. ಮಾರಿದವನಿಗೆ ಫೋನ್ ಮಾಡಿ, ಸಂಜೆಯೊಳಗೆ ಬಂದು ಮಿಷನ್ ಎತ್ತಿಕೊಂಡು ಹೋಗು ಎಂದ. ಸೊಸೆ ಮುಖ ಊದಿಸಿಕೊಂಡು ಒಳಮನೆಗೆ ಹೋದಳು. ಅಪ್ಪನೂ ಊಟಕ್ಕೆ ಎದ್ದ.

ಮಗಳು ಒಬ್ಬಳೇ ಉಳಿದಳು. ನಾಳೆಯಿಂದ ಮೇಜು ಮತ್ತೆ ಅವಳದೇ. ಆ ಖುಷಿಗೆ ಸೊಸೆ ಕೆಡಿಸಿದ ತುಂಡುಗಳನ್ನು ಒಂದೊಂದಾಗಿ ಜೋಡಿಸಿ ನೋಡತೊಡಗಿದಳು. ಒಂದರಲ್ಲಿ ಸಂದು ಒಳಗಡೆ, ಇನ್ನೊಂದರಲ್ಲಿ ಕೂದಲೆಳೆಯಷ್ಟು, ಮತ್ತೊಂದರಲ್ಲಿ ಉಗುರು ತೂರುವಷ್ಟು. ಅವಳ ನಗು ನಿಂತಿತು. ಡಿಗ್ರಿ ತಪ್ಪಿದ್ದರೆ ಎಲ್ಲದರಲ್ಲೂ ಒಂದೇ ಸಂದು ಇರಬೇಕು. ಹೀಗೆ ಬದಲಾಗಬೇಕಾದರೆ ಪಟ್ಟಿ ಕೂರುವ ಜಾಗದಲ್ಲೇ ಏನೋ ಇದೆ.

ಪ್ಲಗ್ ಕಿತ್ತು, ಪಟ್ಟಿ ಒರಗುವ ಅಲ್ಯೂಮಿನಿಯಂ ಗೋಡೆಯ ಮೇಲೆ ಬೆರಳಾಡಿಸಿದಳು. ಅದಕ್ಕೆ ಅಂಟಿಸಿ ಬಂದಿದ್ದ ತೆಳು ಪ್ಲಾಸ್ಟಿಕ್ ಹಾಗೇ ಇತ್ತು. ಹೊಸದು ಹೊಸದಾಗೇ ಇರಲಿ ಎಂದು ಅಪ್ಪ ಕೀಳಲು ಬಿಟ್ಟಿರಲಿಲ್ಲ. ಒಂದು ತುದಿ ಎದ್ದು, ಅದರಡಿ ಮರದ ಪುಡಿ ಸೇರಿ, ಸುಟ್ಟ ಬೊಬ್ಬೆಯಂತೆ ಉಬ್ಬಿಕೊಂಡಿತ್ತು.

ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಅವಳಿಗೆ ಹೊಸದೇನಲ್ಲ. ಆದರೆ ಇನ್ನೊಂದು ಕೈ ಆಗಲೇ ಮಿಷನ್ನಿನ ಹಿಡಿಯ ಮೇಲಿತ್ತು. ಈ ನಾಲ್ಕು ದಿನದಲ್ಲಿ ಅದನ್ನು ಮುಟ್ಟಿದ್ದು ಇದೇ ಮೊದಲು. ಹಿಡಿ ಅವಳ ಅಂಗೈಗೆ ಅಳತೆ ಕೊಟ್ಟು ಮಾಡಿಸಿದಂತಿತ್ತು. ಮಿಷನ್ ಹೋದರೆ ಸೊಸೆಗೂ ಇಲ್ಲ, ತನಗೂ ಇಲ್ಲ.

ಪ್ಲಾಸ್ಟಿಕ್ಕನ್ನು ಪರ್ ಎಂದು ಕಿತ್ತಳು. ಗೋಡೆ ಒರೆಸಿ, ಪ್ಲಗ್ ಹಾಕಿ, ಎರಡು ಪಟ್ಟಿ ಕುಯ್ದಳು. ಜೋಡಿಸಿದರೆ ಮೂಲೆ ಎಲ್ಲಿ ಕೂಡಿದೆ ಎಂದು ಉಗುರಿಗೂ ತಿಳಿಯಲಿಲ್ಲ.

ಸದ್ದಿಗೆ ಇಬ್ಬರೂ ಓಡಿಬಂದರು. ಅಪ್ಪ ಮೂಲೆ ಸವರಿ ನೋಡಿ, ತಿರುಗಿದ್ದು ಸೊಸೆಯ ಕಡೆಗೆ.

“ಹೇಗಮ್ಮ ಸರಿ ಮಾಡ್ದೆ?”

“ಬೆಳಿಗ್ಗೆ ಸ್ಕ್ರೂ ಬಿಗಿ ಮಾಡಿದ್ನಲ್ಲ ಮಾವ, ಈಗ ಕೂತಿರ್ಬೇಕು,” ಎಂದಳು ಸೊಸೆ.

ಮಗಳ ಕಿವಿ ಬಿಸಿಯಾಯಿತು. “ಸ್ಕ್ರೂ ಅಲ್ಲ. ಕೀಳ್ಬೇಡ ಅಂದಿದ್ಯಲ್ಲಪ್ಪ, ಆ ಪ್ಲಾಸ್ಟಿಕ್ಕು. ನಾನು ಕಿತ್ತೆ.”

ಅಪ್ಪ ನೆಲದ ಮೇಲೆ ಮುದುರಿಬಿದ್ದಿದ್ದನ್ನು ನೋಡಿ ಕೆನ್ನೆ ಕೆರೆದುಕೊಂಡ. ಮಾರಿದವನಿಗೆ ಬರಬೇಡ ಎಂದು ಹೇಳಲು ಫೋನ್ ಎತ್ತಿಕೊಂಡು, ಹಾಗಾದರೆ ಶುರು ಮಾಡಮ್ಮ ಎಂದು ಮತ್ತೆ ಸೊಸೆಗೇ ಹೇಳಿದ.

ಮಗಳು ಜಾಗ ಬಿಡಲಿಲ್ಲ. “ಮೂವತ್ತೂ ನಾನೇ ಕುಯ್ತೀನಿ. ಪಟ್ಟಿ ಕೊಡು.”

ಸೊಸೆ ಮಾವನ ಮುಖ ನೋಡಿದಳು. ಮಾವ ಫೋನಿನಲ್ಲಿದ್ದ. ಪಟ್ಟಿ ಎತ್ತಿ ಕೊಟ್ಟಳು. ಆದರೆ ತನ್ನ ಕಡೆಯ ತುದಿ ಬಿಡಲಿಲ್ಲ.

“ನಾಳೆ ಕುಯ್ಯೋದು ನಾನು ತಾನೆ, ಅಕ್ಕ?”

“ಮೊದ್ಲು ಕೈ ಬಿಡು,” ಎಂದಳು ಮಗಳು.