ವೆಂಡೆಲನ ಮೂರನೇ ಪರೀಕ್ಷೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಒಪ್ಪಿದೆ. ಆದರೆ ವೆಂಡೆಲ್ ಸಬೊಗೆ ಪಾಠ ಹೇಳಲು ಕೂತರೆ ಯಾರಿಗಾದರೂ ತಾಳ್ಮೆ ಕೆಡುತ್ತದೆ. ಅಮೆರಿಕದ ಟೊಲಿಡೊ ಊರಿನ ಗಾಜಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸೀಸೆಯ ಅಚ್ಚು ಕೊರೆದವನು. ಕಾರ್ಖಾನೆ ಮುಚ್ಚಿದ ಮೇಲೆ, ಐವತ್ತಾರನೇ ವಯಸ್ಸಿನಲ್ಲಿ, ಪ್ರೋಗ್ರಾಮಿಂಗ್ ಕಲಿಯಲು ನಮ್ಮ ಕಾಲೇಜಿಗೆ ಬಂದ. ಎರಡು ಸಲ ಫೇಲು. ಮೂರನೆಯದೂ ಹೋದರೆ ಕಾಲೇಜಿನಿಂದ ಹೊರಕ್ಕೆ. ಪಾಸಾದರೆ ಆಸ್ಪತ್ರೆಯವರು ಕೊಡುತ್ತೇವೆಂದ ಕೆಲಸಕ್ಕೂ ಎಳ್ಳುನೀರು.

ಪರೀಕ್ಷೆಯ ದಿನ ಬೆಳಿಗ್ಗೆ ಏಳಕ್ಕೇ ಬಂದ.

"ಟೀಚರಮ್ಮಾ, ಈ ಕ್ಲಾಸು, ಆಬ್ಜೆಕ್ಟು ಎರಡೂ ತಲೆಗೇ ಹತ್ತುತ್ತಿಲ್ಲ. ನನ್ನ ಕಥೆ ಮುಗೀತು."

"ಅಯ್ಯೋ ನಿನ್ನ! ಕ್ಲಾಸ್ ಅಂದ್ರೆ ನೀನು ಕೊರೀತಿದ್ದ ಅಚ್ಚು. ಆಬ್ಜೆಕ್ಟ್ ಅಂದ್ರೆ ಅದರಿಂದ ಬಂದ ಸೀಸೆ. ಈಗ ಹೇಳು, ಸಾಸನ್ನ ಎಲ್ಲಿಗೆ ಸುರೀತೀಯ?"

"ಸೀಸೆಗೆ. ಅಚ್ಚಿಗೆ ಯಾವ ಹುಚ್ಚ ಸುರೀತಾನೆ?"

"ನೀನೇ! ನೋಡಿಲ್ಲಿ, ನೀನು ಬರೆದ ಆಸ್ಪತ್ರೆ ಪ್ರೋಗ್ರಾಮು. ರೋಗಿಗೆ ಆಗದ ಔಷಧಿಗಳ ಪಟ್ಟಿ ಆಯಾ ರೋಗಿ ಹತ್ರ ಇರಬೇಕು. ನೀನು ಅಚ್ಚಲ್ಲೇ ಇಟ್ಟಿದೀಯ. ಒಬ್ಬನಿಗೆ ಪೆನಿಸಿಲಿನ್ ಆಗಲ್ಲ ಅಂದ್ರೆ ಊರಿಗೆಲ್ಲ ಆಗಲ್ಲ ಅಂತ ಬರುತ್ತೆ!"

ಕಣ್ಣು ಕಿರಿದು ಮಾಡಿ ನೋಡಿದ. ಆ ಸಾಲು ಅಳಿಸಿದ, ಸರಿಯಾದ ಜಾಗದಲ್ಲಿ ಬರೆದ. ಪ್ರೋಗ್ರಾಮು ಸರಿಯಾಗಿ ಓಡಿತು! "ಇಷ್ಟೇನಾ?" ಎಂದ.

ಆ ಖುಷಿಯಲ್ಲಿ ನಾನೊಂದು ತಲೆಹರಟೆ ಮಾಡಿದೆ. ಪರೀಕ್ಷೆಯಲ್ಲಿ ಪ್ರಶ್ನೆಯ ಜೊತೆ ಪ್ರೋಗ್ರಾಮಿನ ಮೊದಲ ಹತ್ತು ಸಾಲು ನಾನೇ ಬರೆದುಕೊಡುವುದು ರೂಢಿ. ಅದರಲ್ಲಿ ಇದೇ ತಪ್ಪನ್ನು ಬೇಕೆಂದೇ ಇಟ್ಟೆ. ನೋಡಿದ ತಕ್ಷಣ ಹಿಡಿಯುತ್ತಾನೆ, ಧೈರ್ಯ ಬರುತ್ತದೆ ಅಂದುಕೊಂಡೆ. ಅವನಿಗೋಸ್ಕರವೇ ಇಟ್ಟಿದ್ದು, ಸುಳ್ಳೇಕೆ ಹೇಳಲಿ.

ಮಧ್ಯಾಹ್ನ ಪರೀಕ್ಷೆ. ಉಳಿದ ಒಂಬತ್ತು ಜನ ಗೊಣಗುತ್ತಲೇ ತಿದ್ದಿಕೊಂಡರು. ಐದಕ್ಕೆ ಕಂಪ್ಯೂಟರೇ ಅಂಕ ಹಾಕಿತು. ವೆಂಡೆಲನಿಗೆ ಸೊನ್ನೆ, ಆ ತಪ್ಪು ಹಾಗೇ ಉಳಿದಿದೆಯಂತೆ.

ಡೀನ್ ಬಳಿ ಓಡಿದೆ. ತಪ್ಪು ನಾನಿಟ್ಟಿದ್ದು ಎಂದೆ, ಬೇಡಿಕೊಂಡೆ, ಮೇಜು ಗುದ್ದಿದೆ.

"ಬೇರೆಯವರೆಲ್ಲ ತಿದ್ದಿದ್ದಾರಲ್ಲ? ನಿಯಮ ಅಂದ್ರೆ ನಿಯಮ," ಎಂದರು.

ವೆಂಡೆಲ್ ಕೋಟು ಹಾಕಿಕೊಂಡು ಮೆಟ್ಟಿಲ ಬಳಿ ನಿಂತಿದ್ದ. ನನಗೆ ತಡೆಯಲಾಗಲಿಲ್ಲ. "ಬೆಳಿಗ್ಗೆ ತಾನೇ ಬಡ್ಕೊಂಡೆನಲ್ಲಯ್ಯಾ! ಕಣ್ಣು ಎಲ್ಲಿಟ್ಟಿದ್ದೆ?"

"ಕಂಡಿತು ಟೀಚರಮ್ಮಾ. ಮೊದಲನೇ ನಿಮಿಷಕ್ಕೇ."

"ಮತ್ತೆ ತಿದ್ದೋಕೇನಾಗಿತ್ತು ರೋಗ?"

"ಅದು ನೀವು ಮಾಡಿದ ಅಚ್ಚಲ್ವಾ? ಕಾರ್ಖಾನೆಯಲ್ಲಿ ಇನ್ನೊಬ್ಬರ ಅಚ್ಚಿಗೆ ಅವರು ಸಹಿ ಹಾಕದೆ ನಾವು ಉಳಿ ಮುಟ್ಟಿಸಲ್ಲ. ಪ್ರೋಗ್ರಾಮಿನ ಕೆಳಗೆ ಬರೆದಿಟ್ಟಿದ್ದೆ, ನೀವು ನೋಡ್ತೀರ ಅಂತ."

ಮನುಷ್ಯರಿಗೆಂದು ಬರೆದ ಅಂಥ ಟಿಪ್ಪಣಿಯನ್ನು ಅಂಕ ಹಾಕುವ ಕಂಪ್ಯೂಟರ್ ಓದುವುದಿಲ್ಲ. ನಾನೂ ತೆರೆದು ನೋಡಿರಲಿಲ್ಲ.

ಅವನು ಹೋದ ಮೇಲೆ ತೆರೆದೆ. ಎಂಟನೇ ಸಾಲಿನಲ್ಲಿ ತಪ್ಪಿದೆ, ಪಟ್ಟಿ ರೋಗಿಯ ಬಳಿ ಇರಬೇಕು ಎಂದು ಸ್ಪಷ್ಟವಾಗಿ ಬರೆದಿದ್ದ. ದಿನಾಂಕ ಹಾಕಿದ್ದ. ಅದರ ಕೆಳಗೆ ನನ್ನ ಹೆಸರು ಬರೆದು, ಸಹಿಗೆಂದು ಒಂದು ಗೆರೆ ಎಳೆದು ಖಾಲಿ ಬಿಟ್ಟಿದ್ದ.