ಎಕ್ಸ್‌ಚೇಂಜ್ ಅತ್ತೆಯ ತಂತಿ

ಅತ್ತೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂಬುದು ಮನೆಮಂದಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಆ ಭಾನುವಾರ ಸಂಜೆ ಅಣ್ಣನ ಮಗಳ ಕಾರ್ಯಕ್ರಮದಿಂದ ಮನೆಗೆ ಬಂದವಳು ಯಾರ ಮೇಲೂ ರೇಗಲಿಲ್ಲ. ಚಪ್ಪಲಿ ಬಿಟ್ಟು ನೇರ ತನ್ನ ಕೋಣೆಗೆ ಹೋದಳು. ಹುಡುಗಿಯ ಗಿಟಾರ್ ಪೆಡಲನ್ನು ಮೇಜಿನ ಮೇಲೆ ಬೋರಲು ಹಾಕಿ, ತಳದ ನಾಲ್ಕು ಸ್ಕ್ರೂ ಬಿಚ್ಚಿ, ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದಳು.

ಪೆಡಲೆಂದರೆ ಅಂಗೈಯಗಲದ ಲೋಹದ ಪೆಟ್ಟಿಗೆ. ಗಿಟಾರಿಗೂ ಸ್ಪೀಕರಿಗೂ ನಡುವೆ ನೆಲದ ಮೇಲೆ ಕೂತಿರುತ್ತದೆ. ಅದರ ಸ್ವಿಚ್ಚನ್ನು ಕಾಲಿನಿಂದ ತುಳಿದರೆ, ಅಲ್ಲಿಯವರೆಗೆ ಸಾಧುವಾಗಿದ್ದ ನಾದ ಗುರ್ರೆಂದು ಎದ್ದು ನಿಲ್ಲುತ್ತದೆ. ಹುಡುಗಿಗೆ ಆ ಪೆಟ್ಟಿಗೆಯನ್ನು ಅತ್ತೆಯೇ ಕೈಯಾರೆ ಮಾಡಿಕೊಟ್ಟಿದ್ದಳು. ಆ ದಿನ ಎರಡನೆಯ ಹಾಡಿನ ನಡುವೆ ಹುಡುಗಿ ತುಳಿದಳು, ನಾದ ಗುರ್ರೆನ್ನಲಿಲ್ಲ, ಕುಯ್ಯೆನ್ನಲೂ ಇಲ್ಲ. ನೂರೈವತ್ತು ಜನರೆದುರು ಅವಳು ಮೂಕ ಗಿಟಾರ್ ಹಿಡಿದು ಕಣ್ಣು ಕಣ್ಣು ಬಿಡುತ್ತ ನಿಂತಿದ್ದಳು.

ಒಳಗೆ ನೋಡಿದರೆ ಸ್ವಿಚ್ಚಿಗೆ ಹೋಗುವ ನೀಲಿ ತಂತಿ ಬೆಸುಗೆಯ ಬುಡದಲ್ಲೇ ತುಂಡಾಗಿತ್ತು.

ಆ ನೀಲಿ ತಂತಿಯ ಮೇಲೆ ಅತ್ತೆಗಿದ್ದ ಅಭಿಮಾನ ಅಷ್ಟಿಷ್ಟಲ್ಲ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಕೂರಿಸಿದ ಹೆಂಗಸು ಅವಳು. ಎಕ್ಸ್‌ಚೇಂಜ್ ಮುಚ್ಚಿದಾಗ ಉಳಿದವರು ಕುರ್ಚಿ, ಗಡಿಯಾರ, ಫ್ಯಾನು ಹೊತ್ತುಕೊಂಡು ಹೋದರೆ ಇವಳು ಕೇಳಿ ಪಡೆದದ್ದು ಒಂದು ಟ್ರಂಕ್ ತುಂಬ ತಂತಿ. ಅಪ್ಪಟ ತಾಮ್ರ, ಒಂಟಿ ಎಳೆ, ಬಗ್ಗಿಸಿದ ಕಡೆ ಬಗ್ಗಿ ಹೇಳಿದ ಮಾತು ಕೇಳುವ ಜಾತಿ. ಎಕ್ಸ್‌ಚೇಂಜಿನ ಗೋಡೆಯ ಮೇಲೆ ಒಮ್ಮೆ ಕೂರಿಸಿದರೆ ಅದು ಮೂವತ್ತು ವರ್ಷ ಮಿಸುಕುವುದಿಲ್ಲ. ಆದರೆ ಎಕ್ಸ್‌ಚೇಂಜನ್ನು ಯಾರೂ ಬೂಟುಗಾಲಲ್ಲಿ ತುಳಿಯುವುದಿಲ್ಲವಲ್ಲ! ಪೆಡಲನ್ನು ತುಳಿಯುತ್ತಾರೆ. ತುಳಿದೂ ತುಳಿದೂ ಸ್ವಿಚ್ಚಿನ ನಟ್ಟು ಸಡಿಲವಾಗುತ್ತದೆ, ಸ್ವಿಚ್ಚು ಅಷ್ಟಷ್ಟೇ ತಿರುಗುತ್ತದೆ, ಒಂಟಿ ಎಳೆ ಒಂದೇ ಜಾಗದಲ್ಲಿ ಬಗ್ಗಿ ಬಗ್ಗಿ ಕೊನೆಗೆ ಕೈಕೊಡುತ್ತದೆ. ಇಷ್ಟು ಸಣ್ಣ ವಿಷಯ ಮೂವತ್ತೊಂದು ವರ್ಷದ ಅನುಭವಕ್ಕೆ ಹೊಳೆದಿರಲಿಲ್ಲ. ಅಲ್ಲ, ಆ ಅನುಭವದಿಂದಲೇ ಹೊಳೆದಿರಲಿಲ್ಲ.

ಅಣ್ಣ ಬಾಗಿಲಲ್ಲಿ ನಿಂತ. "ಹಳೇ ಫೋನಿನ ತಂತಿ ಹಾಕಿ ಮಗೂನ ಎಲ್ಲರ ಮುಂದೆ ತಲೆ ತಗ್ಗಿಸೋ ಹಾಗೆ ಮಾಡಿದೆಯಲ್ಲೇ. ರಿಟೈರಾದೋಳು ಸುಮ್ಮನೆ ಕೂರೋಕೆ ಏನು ನಿಂಗೆ?"

"ಸುಮ್ಮನೆ ಕೂರೋದು ನೀನು ಚೆನ್ನಾಗಿ ಮಾಡ್ತೀಯ. ಮನೇಲಿ ಒಬ್ಬರು ಸಾಕು" ಎಂದಳು ಅತ್ತೆ, ತಲೆ ಎತ್ತದೆ.

ಅವನ ಮಾತು ಅವಳಿಗೆ ನಾಟಲಿಲ್ಲ. ನಾಟಿದ್ದು ಹುಡುಗಿಯ ಮಾತು. ಹುಡುಗಿ ಒಳಗೆ ಬಂದು, ತುಂಡಾದ ತಂತಿಯನ್ನು ನೋಡಿ, "ಪರವಾಗಿಲ್ಲ ಬಿಡು ಅತ್ತೆ. ಮುಂದಿನ ಶನಿವಾರದ ಸ್ಪರ್ಧೆಗೆ ಕ್ಯಾಪ್ಟನ್ ಕಂಪನಿ ಪೆಡಲ್ ತರ್ತಾನಂತೆ" ಎಂದಳು. ಕ್ಯಾಪ್ಟನ್ ಎಂದರೆ ಅವಳ ತಂಡದ ಡ್ರಮ್ ಬಾರಿಸುವವನು, ತಂಡಕ್ಕೆಲ್ಲ ಅವನೇ ಯಜಮಾನ. ಅವಳು ಬೈದಿದ್ದರೆ, ಅತ್ತಿದ್ದರೆ, ಅತ್ತೆ ತಡೆದುಕೊಳ್ಳುತ್ತಿದ್ದಳು. ಆ 'ಪರವಾಗಿಲ್ಲ'ವನ್ನು ತಡೆದುಕೊಳ್ಳಲಾಗಲಿಲ್ಲ. ಚಿಕ್ಕಂದಿನಿಂದ ಮುರಿದದ್ದನ್ನೆಲ್ಲ ಇವಳ ಮಡಿಲಿಗೇ ತಂದು ಸುರಿಯುತ್ತಿದ್ದ ಹುಡುಗಿ, ಇನ್ನು ಅತ್ತೆಯ ಕೈಯನ್ನು ನಂಬುವುದಿಲ್ಲ. ಅದು ಅತ್ತೆಯ ಎದೆಗೇ ಚುಚ್ಚಿತು.

ಮರುದಿನ ಬೆಳಿಗ್ಗೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅತ್ತೆ ಅಲ್ಲಿ ಹಾಜರು.

"ನಿಮ್ಮಲ್ಲಿರೋ ತಂತಿ ಎಲ್ಲಾದರಲ್ಲೂ ಒಂದೊಂದು ಗೇಣು ಕೊಡಿ."

ಅಂಗಡಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಏನಮ್ಮ, ಕಾಲಿಂಗ್ ಬೆಲ್ ಕೆಟ್ಟಿದೆಯಾ?"

"ನನ್ನ ಮೂಡ್ ಕೆಟ್ಟಿದೆ. ಕೊಡಿ."

ಪೆಡಲಿಗೆಂದು ತಿಳಿದ ಮೇಲೆ ಅವನ ವರಸೆಯೇ ಬದಲಾಯಿತು. ಒಳಗಿನಿಂದ ಬಟ್ಟೆ ಹೊದಿಸಿದ, ನೋಡಲು ಬಲು ಚೆಂದದ ತಂತಿಯ ಸುರುಳಿ ತಂದಿಟ್ಟ. "ದೊಡ್ಡ ದೊಡ್ಡವರೆಲ್ಲ ಇದನ್ನೇ ಕೇಳ್ಕೊಂಡು ಬರ್ತಾರೆ. ಇದರಲ್ಲಿ ಬರೋ ನಾದಾನೇ ಬೇರೆ. ಬೆಚ್ಚಗಿರುತ್ತೆ."

"ಬೆಚ್ಚಗಿರೋಕೆ ಇದೇನು ಹೊದೆಯೋ ಶಾಲಾ?" ಎಂದು ಅತ್ತೆ ಬಟ್ಟೆ ಹಿಂದಕ್ಕೆ ಸರಿಸಿದಳು. ಒಳಗೆ ಒಂಟಿ ಎಳೆ. ಒಂದೇ ಜಾಗದಲ್ಲಿ ಆಚೆ ಈಚೆ ಬಗ್ಗಿಸುತ್ತ ಎಣಿಸಿದಳು. ಹದಿನಾಲ್ಕಕ್ಕೆ ಅದು ಟಪ್ಪೆಂದಿತು.

"ಬೆಂಡೆಕಾಯಿ ತುದಿ ಮುರಿದ ಹಾಗೆ ಮುರೀತಾ ಇದ್ದೀರಲ್ಲ!"

"ಬೆಂಡೆಕಾಯಿ ಮುರಿದರೆ ಎಳೇದು, ತಗೋಬಹುದು. ಇದು ಮುರಿದರೆ ವಾಪಸ್."

ಎರಡನೆಯದು ಹಲವು ಎಳೆಯದೇ. ಆದರೆ ಮೂಲೆಯ ರಿಪೇರಿಯವನ ಬಳಿ ಕಾದಿದ್ದ ಸಾಲ್ಡರಿಂಗ್ ಐರನ್ನಿಗೆ ತಾಗಿಸುತ್ತಲೇ ಅದರ ಪ್ಲಾಸ್ಟಿಕ್ ಕರಗಿ ಹಿಂದಕ್ಕೆ ಓಡಿತು, ತಾಮ್ರ ಬೆತ್ತಲಾಯಿತು. ಮೂರನೆಯದರ ಹೊದಿಕೆ ಬಿಸಿಗೆ ಜಗ್ಗಲಿಲ್ಲ ನಿಜ, ಆದರೆ ಪೆಟ್ಟಿಗೆಯೊಳಗೆ ಮಡಚಿಡಲು ಹೋದರೆ ಹಟಮಾರಿಯಂತೆ ಸೆಟೆದು ನಿಂತಿತು. ನಾಲ್ಕನೆಯದು ತೀರಾ ಸಾದಾ, ಯಾರೂ ತಿರುಗಿ ನೋಡದ ಬೂದು ಬಣ್ಣದ್ದು. ಒಳಗೆ ತವರ ಬಳಿದ ಏಳು ಎಳೆ. ಐರನ್ ತಾಗಿಸಿದರೆ ಹೊದಿಕೆ ಕದಲಲಿಲ್ಲ. ಬಗ್ಗಿಸತೊಡಗಿದಳು. ಇಪ್ಪತ್ತಾಯಿತು, ನಲವತ್ತಾಯಿತು. ಅಷ್ಟರಲ್ಲಿ ಅಂಗಡಿಯವನೂ ಜೊತೆಗೆ ಎಣಿಸುತ್ತಿದ್ದ. ಎಂಬತ್ತಕ್ಕೆ ಅತ್ತೆಯ ಬೆರಳು ಸೋತಿತು, ತಂತಿ ಸೋಲಲಿಲ್ಲ.

"ಇದರಲ್ಲಿ ನಾದ ಬೆಚ್ಚಗಿರಲ್ಲಮ್ಮ" ಎಂದ ಅವನು, ಆದರೂ ಬಿಡದೆ.

"ತಂತಿಗೆ ಸಂಗೀತ ಬರಬೇಕಿಲ್ಲ ಕಣಪ್ಪ. ಕಡೀದೆ ಇರೋದು ಬಂದರೆ ಸಾಕು. ಸಂಗೀತ ನಮ್ಮ ಹುಡುಗಿಗೆ ಬರುತ್ತೆ."

ಗುರುವಾರದ ಹೊತ್ತಿಗೆ ಪೆಡಲ್ ಮತ್ತೆ ಸಿದ್ಧವಾಯಿತು. ಸ್ವಿಚ್ಚಿಗೆ, ಕೇಬಲ್ ಚುಚ್ಚುವ ಜ್ಯಾಕಿಗೆ, ತಿರುಗುವ ಗುಂಡಿಗೆಲ್ಲ ಬೂದು ತಂತಿ. ಬೋರ್ಡಿನ ಮೇಲೆ, ಏನೂ ಅಲುಗದ ಕಡೆ, ಅವಳ ನೀಲಿ ತಂತಿಯೇ. ಅದನ್ನು ಪೂರ್ತಿ ಬಿಟ್ಟುಬಿಡುವ ಜಾಯಮಾನ ಅವಳದಲ್ಲ. ನಂತರ ಹುಡುಗಿಯನ್ನು ಕರೆದು ಪೆಟ್ಟಿಗೆಯನ್ನು ಅವಳ ಕೈಗಿತ್ತಳು.

"ತಗೋ, ಕೆಡಿಸು."

"ಏನು?"

"ನಿನ್ನ ಕೈಲಾದಷ್ಟು ಹಾಳು ಮಾಡು. ತುಳಿ. ಸ್ವಿಚ್ ಸಡಿಲ ಮಾಡಿ ತಿರುಗಿಸು. ಬೋರ್ಡ್ ಈಚೆ ಎಳಿ, ಒಳಗೆ ತುರುಕು. ಕೆಟ್ಟರೆ ನಾನೇ ಕ್ಯಾಪ್ಟನ್ನಿಗೆ ಫೋನ್ ಮಾಡಿ ಕಂಪನಿ ಪೆಡಲ್ ತಾ ಅಂತೀನಿ. ನನ್ನ ಮುಖ ನೋಡಿ ಮಾತ್ರ ಹೂಂ ಅನ್ನಬೇಡ. ನಂಗೆ ಅದು ಬೇಡ."

ಹುಡುಗಿ ಮೊದಲು ಅಳುಕುತ್ತ ತುಳಿದಳು. ಆಮೇಲೆ ಭಾನುವಾರದ ಸಿಟ್ಟೆಲ್ಲ ಕಾಲಿಗೆ ಇಳಿಯಿತೇನೋ, ಬೂಟು ಹಾಕಿಕೊಂಡು ಬಂದು ತುಳಿದಳು. ಅಣ್ಣ "ಕೆಳಗಿನ ಮನೆಯವರು ಬರ್ತಾರೆ ನೋಡು" ಎಂದು ಕೂಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಗಂಟೆಯ ಮೇಲೆ ಹುಡುಗಿ ಬೆವರೊರೆಸಿಕೊಂಡು ಗಿಟಾರ್ ಮೀಟಿದಳು. ಪೆಟ್ಟಿಗೆ ಗುರ್ರೆಂದಿತು. ಅವಳು ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಏನಂದುಕೊಂಡಳೋ ಅತ್ತೆಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ.

ಶನಿವಾರ ಮಧ್ಯಾಹ್ನ ವೇದಿಕೆಯ ಪಕ್ಕ ಕ್ಯಾಪ್ಟನ್ ಹೊಳೆಯುವ ಹೊಸ ಪೆಡಲ್ ಹಿಡಿದು ಕಾಯುತ್ತಿದ್ದ. ಹುಡುಗಿ ಚೀಲದಿಂದ ಅತ್ತೆಯದನ್ನು ತೆಗೆದಳು.

"ತಲೆ ಕೆಟ್ಟಿದೆಯಾ? ಮತ್ತೆ ಅದೇ ಡಬ್ಬಾನಾ?" ಎಂದವನು ಅತ್ತೆಯನ್ನು ಕಂಡು ದನಿ ತಗ್ಗಿಸಿದ. "ಆಂಟಿ, ಬೇಜಾರು ಮಾಡ್ಕೋಬೇಡಿ, ಆದರೆ ಇದು ಆಟ ಅಲ್ಲ."

"ಬೇಜಾರು ಮಾಡ್ಕೊಂಡಾಯ್ತು. ಮುಂದೆ ಹೇಳು" ಎಂದಳು ಅತ್ತೆ.

ಅವನು ಹುಡುಗಿಯ ಕಡೆ ತಿರುಗಿದ. "ಇವತ್ತು ಕೈಕೊಟ್ಟರೆ ನಾಳೆಯಿಂದ ನೀನು ತಂಡದಲ್ಲಿ ಇರಲ್ಲ."

"ಆಯ್ತು" ಎಂದಳು ಹುಡುಗಿ.

ಸೋತವನು ಕೊನೆಗೆ ಪೆಡಲಿನಿಂದ ಸ್ಪೀಕರಿಗೆ ಹೋಗುವ ಕೇಬಲ್ಲಾದರೂ ತಾನು ತಂದ ದುಬಾರಿಯದೇ ಇರಲಿ ಎಂದು ಹಟ ಹಿಡಿದು, ತಾನೇ ಚುಚ್ಚಿ ಹೋಗಿ ಡ್ರಮ್ಮಿನ ಹಿಂದೆ ಕೂತ.

ಮೊದಲ ಹಾಡು ಮುಗಿಯಿತು. ಎರಡನೆಯದರಲ್ಲಿ ಹುಡುಗಿ ತುಳಿದಳು, ಪೆಟ್ಟಿಗೆ ಗುರ್ರೆಂದಿತು, ಅತ್ತೆ ಹಿಡಿದಿದ್ದ ಉಸಿರು ಬಿಟ್ಟಳು. ಮರುಕ್ಷಣವೇ ಗಿಟಾರ್ ಸತ್ತುಹೋಯಿತು. ಸದ್ದೇ ಇಲ್ಲ.

ಅತ್ತೆ ಅರ್ಧ ಎದ್ದು ನಿಂತಳು. ಕ್ಯಾಪ್ಟನ್ ಬಾರಿಸುವುದನ್ನು ನಿಲ್ಲಿಸದೆ ಕೋಲಿನಿಂದಲೇ ಪೆಡಲಿನತ್ತ ತೋರಿಸಿ ಕಿರುಚಿದ. ಸಭಾಂಗಣದ ಕಣ್ಣೆಲ್ಲ ಆ ಪುಟ್ಟ ಪೆಟ್ಟಿಗೆಯ ಮೇಲೆ.

ಹುಡುಗಿಯೊಬ್ಬಳೇ ಅದರ ಕಡೆ ನೋಡಲಿಲ್ಲ. ಬಗ್ಗಿ ಸರಕ್ಕನೆ ಕ್ಯಾಪ್ಟನ್ನಿನ ದುಬಾರಿ ಕೇಬಲ್ ಕಿತ್ತು ಅವನ ಕಾಲಬುಡಕ್ಕೆ ಎಸೆದಳು. ತನ್ನ ಚೀಲದ ಹಳೆಯದನ್ನು ಚುಚ್ಚಿ, ಎದ್ದು, ತಲೆ ಹಿಂದಕ್ಕೆಸೆದು ಮೀಟಿದಳು. ಇಡೀ ಸಭಾಂಗಣದ ಗೋಡೆ ನಡುಗಿತು.

ಅತ್ತೆ ಕುಸಿದು ಕೂತಳು. ಕೆಟ್ಟಿದ್ದು ಕೇಬಲ್ಲೆಂದು ಹುಡುಗಿಗೆ ಯಾರೂ ಹೇಳಿರಲಿಲ್ಲ. ಅತ್ತೆ ಮಾಡಿದ್ದು ಕೆಟ್ಟಿರಲಾರದು ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಅತ್ತೆಗೆ ಅಳು ಉಕ್ಕಿ ಬಂತು. ಪಕ್ಕದ ಸೀಟಿನವರು ತಿರುಗಿ ನೋಡಿದರು. ನೋಡಿದರೆ ನೋಡಲಿ ಎಂದು ಅವಳು ಸೆರಗು ಕೂಡ ಅಡ್ಡ ಹಿಡಿಯದೆ ಜೋರಾಗಿಯೇ ಅತ್ತಳು.