ನಿಂಗಕ್ಕನ ಮುಂದಿನ ಸೀಟು

ಸ್ವಪ್ನ ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ, ಕಾರಿನ ಎಡಬಾಗಿಲಲ್ಲಿದ್ದ ಗ್ಲಾಸಿನ ಸ್ವಿಚ್ಚನ್ನು ಅಂಚಿನಿಂದ ಮೀಟಿದಳು. ಪಡಸಾಲೆಯಲ್ಲಿ ಅವಳ ಅವ್ವ ನಿಂಗಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ಮಣ್ಣು ಮಾಡುವುದು ನನ್ನಿವಾಳದ ಹೊಲದಲ್ಲಿ. ಚಳ್ಳಕೆರೆಯ ಮನೆಯಿಂದ ಅಲ್ಲಿಗೆ ಒಯ್ಯಲು ದೊಡ್ಡಪ್ಪ ಜಯಣ್ಣ ಟ್ರ್ಯಾಕ್ಟರ್ ತರಿಸಿ ಬಾಳೆಕಂಬ ಕಟ್ಟಿಸುತ್ತಿದ್ದರು.

"ಏನ್ ಹುಡುಗಿ ಇದು? ಹೆಣ ಒಳಗೈತೆ, ನೀನು ಕಾರು ಬಿಚ್ಕೊಂಡು ಕೂತಿದೀಯಾ?"

"ಅವ್ವನ್ನ ಕಾರಲ್ಲೇ ಕರ್ಕೊಂಡು ಹೋಗ್ತೀನಿ ದೊಡ್ಡಪ್ಪ, ಮುಂದಿನ ಸೀಟಲ್ಲಿ. ಹೆಂಗೂ ಕೂರಿಸೇ ಒಯ್ಯಬೇಕಲ್ಲ."

"ಗ್ಲಾಸೇ ಇಳಿಯಲ್ಲ. ದಾರೀಲಿ ಜನ ಹೂ ಹಾಕೋದು ಎಲ್ಲಿಂದ? ಮೊದಲು ಅದು ಇಳೀಲಿ, ಆಮೇಲೆ ಮಾತಾಡು."

"ಇಳೀತೈತೆ," ಎಂದಳು ಸ್ವಪ್ನ. ನಿಜ ಹೇಳಬೇಕೆಂದರೆ ಅವಳಿಗೂ ನಂಬಿಕೆ ಇರಲಿಲ್ಲ.

*

ಈ ಹಳೇ ಕಾರು ಮನೆಗೆ ಬಂದ ದಿನ ಜಯಣ್ಣ ಇಸ್ತ್ರಿ ಪಂಚೆ ಉಟ್ಟು ಬಂದು ಮುಂದಿನ ಬಾಗಿಲು ತೆಗೆದರೆ, ಅಲ್ಲಿ ನಿಂಗಕ್ಕ ಕೂತಾಗಿತ್ತು. ಮಡಿಲಲ್ಲಿ ಹುರಿದ ಶೇಂಗಾ.

"ಹೆಂಗಸ್ರು ಹಿಂದೆ ಕೂರ್ಬೇಕಮ್ಮ."

"ಎಣ್ಣೆ ಮಿಲ್ಲಿನ ಶೆಡ್ಡಲ್ಲಿ ಜನ್ಮ ಎಲ್ಲ ಧೂಳು ಕುಡಿದೀನಿ ಭಾವ. ನಂಗೆ ಗಾಳಿ ಬೇಕು. ನೀವೇ ಹಿಂದೆ ಕೂತ್ಕೊಳ್ರಿ."

ಜಯಣ್ಣ ಮುಖ ಊದಿಸಿಕೊಂಡು ಬಸ್ಸು ಹಿಡಿದರು. ಆಮೇಲೆ ಆ ಕಾರು ಹತ್ತಲೇ ಇಲ್ಲ. ನಿಂಗಕ್ಕನಿಗೇನು? ಮೊಳಕಾಲ್ಮೂರಿಗೆ ಸೀರೆ ತರಲು ಹೋದರೂ ಅದೇ ಸೀಟು. ಗ್ಲಾಸು ಇಳಿಸಿ, ಮೊಣಕೈ ಹೊರಗಿಟ್ಟು, ಶೇಂಗಾ ಉಜ್ಜಿ ಸಿಪ್ಪೆ ಊದುತ್ತಿದ್ದಳು. ಊದಿದ್ದರಲ್ಲಿ ಅರ್ಧ ಸ್ವಿಚ್ಚಿನೊಳಕ್ಕೇ ಹೋಗುತ್ತಿತ್ತು. ಅದು ಆಗಾಗ ಮುಷ್ಕರ ಹೂಡುವುದು, ಅವಳು ತಲೆಯ ಪಿನ್ನು ಕಿತ್ತು ಅದನ್ನು ಬಿಚ್ಚಿ ಒರೆಸಿ ಕೂರಿಸುವುದು. ಶೇಂಗಾ ಬಿಡಬಾರದೇ ಎಂದರೆ, "ಸ್ವಿಚ್ಚಿಗೋಸ್ಕರ ಬಾಯಿ ಕಟ್ಕೊಂಡು ಕೂರ್ಲಾ?" ಎನ್ನುತ್ತಿದ್ದಳು.

*

ಸ್ವಿಚ್ಚು ವೈರಿನ ಸಮೇತ ಮೇಲೆ ಬಂತು. ಪ್ಲಗ್ಗು ಕಿತ್ತು, ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಕೆಂಪು ಸಿಪ್ಪೆ. ಅಷ್ಟು ಹೊತ್ತು ಅಳದಿದ್ದ ಸ್ವಪ್ನಳಿಗೆ ಈಗ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಊದಿದಳು. ಅಡಿಯಲ್ಲಿ ತಾಮ್ರದ ಚುಕ್ಕಿಗಳು ಕಪ್ಪಿಟ್ಟಿದ್ದವು. ಬಟ್ಟೆಯಲ್ಲಿ ಎಷ್ಟು ತಿಕ್ಕಿದರೂ ಬಿಡಲಿಲ್ಲ.

ಅಪ್ಪ ಶಾಂತವೀರಪ್ಪ ಒಳಗಿನಿಂದ ವಿಭೂತಿಯ ಗಟ್ಟಿ ತಂದು ಕೊಟ್ಟರು. "ತಾಮ್ರ ತಾನೆ? ಇದ್ರಲ್ಲಿ ಉಜ್ಜು."

"ಲೇ ಶಾಂತ! ಹೆಣಕ್ಕೆ ಹಚ್ಚೋ ವಿಭೂತಿ ಕಣೋ ಅದು!"

"ಅವಳದ್ದೇ ಅಣ್ಣ. ಅವಳ ಗ್ಲಾಸಿಗೇ ಹಚ್ತಾ ಇರೋದು," ಎಂದರು ಶಾಂತವೀರಪ್ಪ. ಅಣ್ಣನಿಗೆ ಅವರು ಎದುರಾಡಿದ್ದು ಅದೇ ಮೊದಲು.

ತಾಮ್ರ ಹೊಳೆಯಿತು. ಸ್ವಪ್ನ ಪುಡಿಯನ್ನೆಲ್ಲ ಒರೆಸಿ, ಪ್ಲಗ್ಗು ಸಿಕ್ಕಿಸಿದಳು. ಅಪ್ಪ ಕೀ ತಿರುಗಿಸಿದರು. ಗುಂಡಿ ಒತ್ತಿದರೆ ಸದ್ದೇ ಇಲ್ಲ. ಜಯಣ್ಣ ಟ್ರ್ಯಾಕ್ಟರಿನವನಿಗೆ ಕೈ ಬೀಸಿದರು. ಸ್ವಪ್ನ ಪ್ಲಗ್ಗನ್ನು ಇನ್ನಷ್ಟು ಒಳಕ್ಕೆ ಅದುಮಿ, ಹಲ್ಲು ಕಚ್ಚಿ ಮತ್ತೆ ಒತ್ತಿದಳು. ಗ್ಲಾಸು ಗೊರಗೊರ ಎನ್ನುತ್ತ ಪೂರ್ತಿ ಇಳಿಯಿತು.

ನಿಂಗಕ್ಕನನ್ನು ಮುಂದೆ ಕೂರಿಸಿ, ಬೆಲ್ಟು ಹಾಕಿದರು. ಸ್ವಪ್ನ ಸ್ಟೇರಿಂಗ್ ಹಿಡಿದಳು, ಶಾಂತವೀರಪ್ಪ ಹಿಂದೆ ಹತ್ತಿದರು. ಜಯಣ್ಣ ಬಾಳೆಕಂಬ ಹಿಡಿದು ನಿಂತೇ ಇದ್ದರು.

"ದೊಡ್ಡಪ್ಪ, ಹಿಂದೆ ಜಾಗ ಐತೆ. ಬರ್ತೀರಾ?"

ಅವರು ಟ್ರ್ಯಾಕ್ಟರ್ ನೋಡಿದರು, ತಮ್ಮನ ಹೆಂಡತಿಯನ್ನು ನೋಡಿದರು. ಪಂಚೆ ಎತ್ತಿಕಟ್ಟಿ, ಅವಳ ಸೀಟಿನ ಹಿಂದೆ ಹತ್ತಿ ಕೂತರು.

ಪೇಟೆ ದಾಟುವವರೆಗೆ ಜನ ಕಿಟಕಿಯೊಳಗೆ ಹೂ ಹಾಕಿದರು. ನನ್ನಿವಾಳದ ಬಯಲು ರಸ್ತೆಗೆ ಬಿದ್ದದ್ದೇ ಗಾಳಿ ನುಗ್ಗಿತು. ನಿಂಗಕ್ಕನ ಸೆರಗು ಹಾರಿ ಜಯಣ್ಣನ ಮುಖಕ್ಕೆ ಬಡಿಯತೊಡಗಿತು. ಅವರು ಅದು ಹಾರಿಹೋಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು.